ಹಿತ್ತಲಿನ ಹೂವು, ಶ್ರಾವಕನ ಕೈ

ಜಲ, ಗಂಧ, ಅಕ್ಷತೆ, ಪುಷ್ಪ, ಚರು, ದೀಪ, ಧೂಪ, ಫಲ ಎಂಬ ಅಷ್ಟದ್ರವ್ಯಗಳಲ್ಲಿ ಪುಷ್ಪದಷ್ಟು ವಾದಕ್ಕೆ ಗುರಿಯಾದ ದ್ರವ್ಯಗಳು ಕಡಿಮೆ. ಉತ್ತರದ ತೇರಾಪಂಥಿ ದಿಗಂಬರರು ಹೂವನ್ನು ಮುಟ್ಟದೆ, ಕೇಸರಿಯ ಬಣ್ಣ ಹಚ್ಚಿದ ಅಕ್ಕಿಯನ್ನೇ ಪುಷ್ಪವೆಂದು ಭಾವಿಸಿ ಅರ್ಪಿಸುತ್ತಾರೆ. ನಮ್ಮ ಕಡೆಯ ಬಸದಿಗಳಲ್ಲಿ ಹಿಂದಿನಿಂದಲೂ ಹೂವೇ ಏರುತ್ತ ಬಂದಿದೆ. ಎರಡು ಪಕ್ಷಗಳಿಗೂ ಆಧಾರಗಳಿವೆ, ಪಂಡಿತರಿದ್ದಾರೆ. ಆ ವಾದವನ್ನು ಇತ್ಯರ್ಥಗೊಳಿಸುವ ಯೋಗ್ಯತೆ ಈ ಲೇಖಕನದಲ್ಲ. ರಾಮದುರ್ಗದಲ್ಲಿ ಮೂವತ್ತು ವರ್ಷ ಒಂದು ಹೂವಿನ ಹಿತ್ತಲನ್ನು ಸಾಕಿದವನಾಗಿ, ಆ ವಾದವು ಹೂವು ಕೀಳುವ ಕೈಯ ಬಳಿ ಬಂದು ನಿಂತಾಗ ಹೇಗೆ ಕಾಣುತ್ತದೆಂಬುದನ್ನಷ್ಟೇ ಬರೆಯಬಲ್ಲೆ.

ನಮ್ಮದು ದೊಡ್ಡ ತೋಟವೇನೂ ಅಲ್ಲ. ಹಿಂಬಾಗಿಲಿನಿಂದ ಹದಿನೆಂಟು ಹೆಜ್ಜೆ ನಡೆದರೆ ಗೋಡೆ ಬರುತ್ತದೆ. ಗೋಡೆಯಾಚೆ ನೇಕಾರರ ಮನೆ. ಮಗ್ಗದ ಸದ್ದು ನಿಂತ ದಿನ ಇಂದು ಅಮಾವಾಸ್ಯೆಯೋ ಹಬ್ಬವೋ ಎಂದು ತಿಳಿಯಬೇಕು. ಮಣ್ಣು ಎರೆ. ಮಲಪ್ರಭೆಯ ದಂಡೆಯ ಈ ಕರಿಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದು. ಬೇಸಿಗೆಯಲ್ಲಿ ಬಿರಿದು, ಬೆರಳು ತೂರುವಷ್ಟು ಬಾಯಿ ತೆರೆಯುತ್ತದೆ, ಗಿಡದ ಬೇರನ್ನೂ ಹರಿಯುತ್ತದೆ. ಅದಕ್ಕೆ ಎರಡು ಚಕ್ಕಡಿ ಮಸಾರಿ ಮಣ್ಣನ್ನೂ ವರ್ಷವರ್ಷವೂ ತಿಪ್ಪೆಗೊಬ್ಬರವನ್ನೂ ಬೆರೆಸಿ ಹದಕ್ಕೆ ತಂದೆವು. ದುಂಡುಮಲ್ಲಿಗೆಯ ಐದು ಬುಡ, ಒಂದು ಸಾಲು ಅಬ್ಬಲಿಗೆ, ದಾಸವಾಳ, ನಂದಿಬಟ್ಟಲು, ಎರಡು ಗುಲಾಬಿ, ಕಾಲಕ್ಕೆ ತಕ್ಕಂತೆ ಚೆಂಡುಹೂವು, ಸೇವಂತಿಗೆ, ಗಲಾಟೆ ಹೂವು. ಮೂಲೆಯಲ್ಲಿ ಒಂದು ಪಾರಿಜಾತ. ಇಷ್ಟೇ.

ಈ ಹಿತ್ತಲಿಗೆ ಇಬ್ಬರು ಒಡತಿಯರಿದ್ದರು. ನನ್ನ ಹೆಂಡತಿ ಬೆಳಿಗ್ಗೆ ಬಸದಿಗೆ ಹೋಗುವ ಮುನ್ನ ಬುಟ್ಟಿ ಹಿಡಿದು ಹೂವು ಬಿಡಿಸುವವಳು. ಸಂಜೆ ಒಂದು ಮೊಳ ಮಲ್ಲಿಗೆ ಮುಡಿಯುವವಳು. ನನ್ನ ಅವ್ವ ಎಪ್ಪತ್ತರ ವಯಸ್ಸಿನಲ್ಲಿ, ಊರಿಗೆ ವಿಹಾರ ಬಂದ ಮುನಿಗಳ ಬಳಿ ಸಚಿತ್ತತ್ಯಾಗದ ನಿಯಮ ತೆಗೆದುಕೊಂಡಳು. ಹಸಿಯ ಎಲೆ, ಹಣ್ಣು, ಹೂವು ಎಲ್ಲ ಬಿಟ್ಟವು. ನಿಯಮವಿದ್ದುದು ಆಹಾರಕ್ಕೆ, ಅವ್ವ ಅದನ್ನು ಹೂವು ಕೀಳುವುದಕ್ಕೂ ವಿಸ್ತರಿಸಿಕೊಂಡಳು. ಆದರೆ ಗಿಡಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ. ಅತ್ತೆ ನೀರೆರೆದ ಗಿಡದಿಂದ ಸೊಸೆ ಹೂವು ಬಿಡಿಸುವುದು, ಅತ್ತೆ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಅದನ್ನು ನೋಡುತ್ತ ಕೂಡುವುದು, ಒಂದು ಮಾತೂ ಆಡದಿರುವುದು: ಇಂಥ ಮೌನವಿರುವ ಮನೆಗಳನ್ನು ವಾಚಕರು ಬಲ್ಲರು.

ಮಾತು ಬಂದದ್ದು ಮಲ್ಲಿಗೆಯ ಮೂಲಕ. ನಮ್ಮ ಸೀಮೆಯಲ್ಲಿ ದುಂಡುಮಲ್ಲಿಗೆಯ ಕೆಲಸ ಆರಂಭವಾಗುವುದು ಹೂವಿಲ್ಲದ ಕಾಲದಲ್ಲಿ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ನೀರು ನಿಲ್ಲಿಸಿ ಗಿಡವನ್ನು ಒಣಗಿಸಬೇಕು. ಎಲೆ ಉದುರಿದ ಮೇಲೆ ಟೊಂಗೆಗಳನ್ನು ಅರ್ಧಕ್ಕೆ ಕತ್ತರಿಸಿ, ಬುಡ ಬಿಡಿಸಿ, ಗೊಬ್ಬರ ಕೊಟ್ಟು, ಮಾಘದಲ್ಲಿ ಮತ್ತೆ ನೀರು ಬಿಡಬೇಕು. ಹಾಗೆ ಮಾಡಿದರೆ ಫಾಲ್ಗುಣದಿಂದ ವೈಶಾಖದವರೆಗೆ ಗಿಡವೇ ಬೆಳ್ಳಗಾಗುತ್ತದೆ. ಮಾಡದಿದ್ದರೆ ಎಲೆ ಬೆಳೆದೀತು, ಹೂವು ವಿರಳ. ಗಿಡವನ್ನು ಬಾಯಾರಿಸಿ ಕತ್ತರಿಸಿದಾಗಲೇ ಅದು ಹೆಚ್ಚು ಹೂಬಿಡುತ್ತದೆಂಬ ಸಂಗತಿ ಅಹಿಂಸೆಯನ್ನು ಓದಿ ಬೆಳೆದವನಿಗೆ ಮೊದಲು ಕಸಿವಿಸಿಯನ್ನೇ ಉಂಟುಮಾಡುತ್ತದೆ. ಅವ್ವ ಅದಕ್ಕೆ ಅಡ್ಡಿ ಹೇಳಲಿಲ್ಲ. ಒಕ್ಕಲುತನದ ಮನೆಯಿಂದ ಬಂದವಳು. ಕತ್ತರಿಸಿದ್ದು ಮತ್ತೆ ಚಿಗಿಯುತ್ತದೆಂದು ಬಲ್ಲಳು. ಅವಳ ಆಕ್ಷೇಪವಿದ್ದುದು ಮೊಗ್ಗಿನ ಬಗ್ಗೆ.

ಮುಡಿಯುವ ಮಲ್ಲಿಗೆಯೆಂದರೆ ವಾಸ್ತವವಾಗಿ ಹೂವಲ್ಲ, ಮೊಗ್ಗು. ಪೇಟೆಗೆ ಹೋಗುವ ಮಲ್ಲಿಗೆಯನ್ನು ಬೆಳಕು ಹರಿಯುವ ಹೊತ್ತಿಗೇ ಬಿಡಿಸುತ್ತಾರೆ. ಅದು ಹಗಲೆಲ್ಲ ಬುಟ್ಟಿಯಲ್ಲಿದ್ದು, ಕಟ್ಟಿಸಿಕೊಂಡು, ಸಂಜೆ ಹೆರಳಿನಲ್ಲಿ ಅರಳಬೇಕು. ಗಿಡದ ಮೇಲೆ ಅರಳಿದ್ದಕ್ಕೆ ಬೆಲೆಯಿಲ್ಲ. ನನ್ನ ಹೆಂಡತಿಯೂ ಎಲ್ಲರಂತೆ ಮೊಗ್ಗನ್ನೇ ಬಿಡಿಸುತ್ತಿದ್ದಳು. ಒಂದು ಚೈತ್ರದ ಮಧ್ಯಾಹ್ನ ಅವ್ವ ಕಟ್ಟೆಯ ಮೇಲಿನಿಂದಲೇ ಅಂದಳು: "ಯವ್ವಾ, ಅರಳಿದ್ದ ತಗೋ, ಬ್ಯಾಡ ಅನ್ನೂದಿಲ್ಲ. ಮೊಗ್ಗ ಇನ್ನಾ ಕಣ್ಣ ತೆರದಿಲ್ಲ." ಹೆಂಡತಿ ಏನೂ ಹೇಳಲಿಲ್ಲ. ಆ ವರ್ಷದಿಂದ ಬಸದಿಗೆ ಹೋಗುವ ಬುಟ್ಟಿಯಲ್ಲಿ ಅರಳಿದ ಹೂವುಗಳಷ್ಟೇ ಇರತೊಡಗಿದವು. ಮುಡಿಗೆ ಮಾತ್ರ, ಹಬ್ಬದ ದಿನ, ಮೊಗ್ಗೇ. ಅವ್ವನೂ ಆಕೆಯ ಪಾಲಿನ ಅಷ್ಟನ್ನು ಬಿಟ್ಟುಕೊಟ್ಟಳೆಂದು ತೋರುತ್ತದೆ.

ಇದರಲ್ಲಿ ತತ್ತ್ವವೇನಿದೆ, ಹೂವು ಮೊಗ್ಗು ಎರಡೂ ವನಸ್ಪತಿಕಾಯವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಏಕೇಂದ್ರಿಯ ಜೀವದ ದೃಷ್ಟಿಯಿಂದ ಆ ಪ್ರಶ್ನೆ ಸರಿಯಾದುದೇ. ಆದರೆ ಸಮಂತಭದ್ರಾಚಾರ್ಯರು ಈ ವಿಷಯದಲ್ಲಿ ಶ್ರಾವಕನಿಗೆ ಒಂದಲ್ಲ, ಹಲವು ಅಳತೆಗೋಲುಗಳನ್ನು ಕೊಟ್ಟಿದ್ದಾರೆ. ಸ್ವಯಂಭೂಸ್ತೋತ್ರದಲ್ಲಿ ಜಿನಪೂಜೆಯಲ್ಲಿ ಉಂಟಾಗುವ ಅಲ್ಪದೋಷವನ್ನು ಅವರು ಸಮುದ್ರಕ್ಕೆ ಬಿದ್ದ ವಿಷದ ಕಣಕ್ಕೆ ಹೋಲಿಸುತ್ತಾರೆ. ಅದು ಸಮುದ್ರವನ್ನು ಕೆಡಿಸಲಾರದು. ಹೂವೇರಿಸುವ ಪಕ್ಷದವರು ಈ ಮಾತನ್ನು ಎತ್ತಿ ಹೇಳುತ್ತಾರೆ. ಅದೇ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯಗಳನ್ನು ಕತ್ತರಿಸುವುದು ಪ್ರಮಾದಚರ್ಯೆಯೆಂದು ಎಣಿಸುತ್ತಾರೆ. ಈ ಮಾತನ್ನು ನಾವು ಅಷ್ಟಾಗಿ ಎತ್ತುವುದಿಲ್ಲ. ಅಲ್ಲಿಯೇ ಇನ್ನೊಂದೆಡೆ, ಪ್ರಯೋಜನ ಅಲ್ಪವಾಗಿ ಘಾತ ಹೆಚ್ಚಾಗುವ ವಸ್ತುಗಳನ್ನು ಬಿಡಬೇಕೆಂದು ಹೇಳುವಾಗ ಬೇವಿನ ಹೂವನ್ನೂ ಕೇದಗೆಯನ್ನೂ ಹೆಸರಿಸಿದ್ದಾರೆ. ಕೇದಗೆಯ ಪರಿಮಳ ಯಾರಿಗೆ ಬೇಡ? ಆದರೆ ಅದರ ಮಡಿಕೆಗಳಲ್ಲಿ ಎಷ್ಟು ತ್ರಸಜೀವಿಗಳು ಅಡಗಿರುತ್ತವೆಂಬುದನ್ನು ಬಿಡಿಸಿ ನೋಡಿದವರು ಬಲ್ಲರು. ಹೂವು ಸರಿಯೋ ತಪ್ಪೋ ಎಂಬುದಕ್ಕಿಂತ ಯಾವ ಹೂವು, ಎಷ್ಟು, ಯಾವುದಕ್ಕಾಗಿ, ಎಂಥ ಎಚ್ಚರದಿಂದ ಎಂಬುದೇ ಅವರ ಗಮನವೆಂದು ನಾನು ಗ್ರಹಿಸಿದ್ದೇನೆ. ಮಹಾವೀರಸ್ವಾಮಿಯ ಪೂಜೆಗೆಂದು ರಾಜಗೃಹದಲ್ಲಿ ಹೊರಟ ಕಪ್ಪೆಯ ಕಥೆಯನ್ನು ಸ್ಮರಿಸಿದವರೂ ಅವರೇ. ಆ ಕಪ್ಪೆಯ ಬಾಯಲ್ಲಿದ್ದುದು ಒಂದೇ ಹೂವು. ಶ್ರೇಣಿಕನ ಆನೆಯ ಕಾಲಡಿಗೆ ಸಿಕ್ಕರೂ ಅದಕ್ಕೆ ದೇವಗತಿ ದೊರೆಯಿತು. ಬುಟ್ಟಿ ತುಂಬ ತಂದಿತ್ತೆಂದು ಯಾರೂ ಹೇಳಿಲ್ಲ.

ಅಕ್ಕಿಯ ಪುಷ್ಪವನ್ನು ಕೆಲವರು ಹಗುರವಾಗಿ ಕಾಣುತ್ತಾರೆ, ಅದು ಬರಿಯ ಕಲ್ಪನೆ ಎನ್ನುತ್ತಾರೆ. ಅಂಥವರು ಜನ್ನನನ್ನು ಮರೆತಿದ್ದಾರೆ. ೧೨೦೯ರಲ್ಲಿ ರಚಿತವಾದ ಯಶೋಧರಚರಿತೆಯಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಆದರೂ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ಅದರ ಫಲವನ್ನು ಉಂಡರು. ಹಿಟ್ಟನ್ನು ಕೋಳಿಯೆಂದು ಸಂಕಲ್ಪಿಸಿ ಕಡಿದುದು ಹಿಂಸೆಯಾಗುವುದಾದರೆ, ಅಕ್ಕಿಯನ್ನು ಹೂವೆಂದು ಸಂಕಲ್ಪಿಸಿ ಅರ್ಪಿಸಿದುದು ಅರ್ಚನೆ ಏಕಾಗಬಾರದು? ಸಂಕಲ್ಪಕ್ಕೆ ಪಾಪದ ಕಡೆಗೆ ಮಾತ್ರ ಬಲವಿದೆಯೆಂದು ಯಾರೂ ಹೇಳಲಾರರು.

ಇನ್ನು ಮಳೆಗಾಲ. ಹೂದೋಟವಿಟ್ಟುಕೊಂಡ ಶ್ರಾವಕನ ನಿಜವಾದ ಪರೀಕ್ಷೆ ಇರುವುದು ಹೂವು ಕೀಳುವಾಗಲ್ಲ, ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳಲ್ಲಿ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ನೆಲವೆಲ್ಲ ಹಸಿರಾಗಿ, ಹುಳುಹುಪ್ಪಟೆಗಳಿಂದ ತುಂಬಿ, ಕಾಲಿಡಲು ಎಡೆಯಿಲ್ಲವಾಗುತ್ತದೆಂದು. ಅದೇ ಕಾಲಕ್ಕೆ ನಾವು ಚೆಂಡುಹೂವಿನ ಸಸಿಗೆ ಪಾತಿ ಮಾಡಲು ಸಲಿಕೆ ಎತ್ತಿಕೊಂಡಿರುತ್ತೇವೆ. ನಮ್ಮ ಮನೆಯಲ್ಲಿ ಅಗೆತವನ್ನೆಲ್ಲ ಬೇಸಿಗೆಯ ಕೊನೆಗೇ, ಒಣಮಣ್ಣಿನಲ್ಲಿ ಮುಗಿಸುವ ಪದ್ಧತಿ ಅವ್ವನದು. ಮಳೆ ಬಿದ್ದ ಮೇಲೆ ಎರೆಹುಳುಗಳು ಮೇಲಕ್ಕೆ ಬರುತ್ತವೆ. ಆಗ ಕೈಯಲ್ಲಿ ಕಳೆ ಕೀಳಬಹುದು, ಸಲಿಕೆ ಊರುವಂತಿಲ್ಲ. ಒಣಗಿದ ಎಲೆಯನ್ನು ಗುಡ್ಡೆ ಹಾಕಿ ಸುಡುವಂತೆಯೂ ಇಲ್ಲ, ಅದರೊಳಗೆ ಒಂದು ಊರೇ ಇರುತ್ತದೆ. ಆ ಎಲೆಯನ್ನೇ ಗಿಡದ ಬುಡಕ್ಕೆ ಹರಡಿದರೆ ಎರೆಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. ಧರ್ಮವೂ ಒಕ್ಕಲುತನವೂ ಎಲ್ಲ ಕಡೆ ಹೀಗೆ ಒಂದಾಗುತ್ತವೆಂದು ನಾನು ಹೇಳುತ್ತಿಲ್ಲ. ಚೆಂಡುಹೂವನ್ನೇ ನೋಡಿ: ರೈತರು ಅದನ್ನು ತರಕಾರಿಯ ನಡುವೆ ಬೆಳೆಯುವುದು ಅದರ ಬೇರು ಮಣ್ಣಿನ ಜಂತುಹುಳುಗಳನ್ನು ಕೊಲ್ಲುವುದರಿಂದ. ಅಷ್ಟು ಶಾಂತವಾಗಿ ಕಾಣುವ ಗಿಡ!

ಕಷ್ಟದ ಮಾತು ಹೇನಿನದು. ಭಾದ್ರಪದದ ಮೋಡಗಟ್ಟಿದ ದಿನಗಳಲ್ಲಿ ಸೇವಂತಿಗೆಯ ಕುಡಿಗಳಿಗೆ ಕರಿಹೇನು ಹತ್ತಿದರೆ ಎರಡೇ ವಾರದಲ್ಲಿ ಮೊಗ್ಗೆಲ್ಲ ಮುರುಟುತ್ತದೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಒಂದು ಶೀಶೆ ಕೊಡುತ್ತಾರೆ, ಸಂಜೆಗೆ ಗಿಡ ಶುದ್ಧ. ಏಕೇಂದ್ರಿಯ ಹೂವನ್ನು ಕೀಳಬಹುದೇ ಎಂದು ವರ್ಷಗಟ್ಟಲೆ ಚರ್ಚಿಸುವ ನಾವು, ಆ ಹೂವನ್ನು ಪಡೆಯಲು ಸಾವಿರಾರು ತ್ರಸಜೀವಿಗಳನ್ನು ಒಂದು ಗಳಿಗೆಯಲ್ಲಿ ಕೊಲ್ಲುವ ಶೀಶೆಯ ಬಗ್ಗೆ ಚರ್ಚಿಸಿದ್ದು ಕಡಿಮೆ. ಇದು ಆರಂಭೀ ಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲ. ಕೊಲ್ಲಬೇಕೆಂದೇ ತಂದು, ಕೊಲ್ಲಲೆಂದೇ ಸಿಂಪಡಿಸುವುದು ಸಂಕಲ್ಪೀ ಹಿಂಸೆ; ಅದು ಅಣುವ್ರತಿಗೂ ನಿಷಿದ್ಧ.

ಅವ್ವನ ಕಾಲದಿಂದ ನಮ್ಮಲ್ಲಿ ನಡೆದುಬಂದ ಕ್ರಮ ಸರಳವಾದುದು. ಗೊಬ್ಬರ ಹೆಚ್ಚಾದ ಗಿಡದ ಎಳೆಯ ಕುಡಿಗೇ ಹೇನು ಮುತ್ತುತ್ತದೆ, ಆದ್ದರಿಂದ ಗೊಬ್ಬರ ಮಿತವಾಗಿರಬೇಕು. ಗಿಡಗಳ ನಡುವೆ ಗಾಳಿಯಾಡಬೇಕು. ಹತ್ತಿದ ಕುಡಿಯನ್ನು ಚಿವುಟಿ, ದೂರದ ಬೇಲಿಯ ಸಾಲಿನಲ್ಲಿ ಇಡಬೇಕು. ಆಮೇಲೆ ಕಾಯಬೇಕು. ಹತ್ತು ದಿನ ಕಾದರೆ ಗುಲಗಂಜಿ ಹುಳುಗಳು ಬರುತ್ತವೆ. ಅವುಗಳ ಆಹಾರವೇ ಹೇನು. "ಹುಳಾ ಹುಳಾನ ತಿಂದರ ಅದರ ಕರ್ಮ, ನೀ ಕೊಂದರ ನಿನ್ನ ಕರ್ಮ," ಎಂದು ಅವ್ವ ಅನ್ನುತ್ತಿದ್ದಳು. ಕೆಲವು ವರ್ಷ ಗುಲಗಂಜಿ ಹುಳು ತಡವಾಗಿ ಬಂದು, ಸೇವಂತಿಗೆ ಕೈಗೆ ಹತ್ತಲಿಲ್ಲ. ಆ ವರ್ಷಗಳ ದೀಪಾವಳಿ ಸೇವಂತಿಗೆಯಿಲ್ಲದೆಯೇ ಕಳೆಯಿತು, ಅಷ್ಟೇ.

ವಿಷ ಸಿಂಪಡಿಸಿದಲ್ಲೇ ಉಳಿಯುವುದಿಲ್ಲವೆಂಬುದಕ್ಕೆ ಕನ್ನಡಿಗರಿಗೆ ದೂರದ ಸಾಕ್ಷಿ ಬೇಕಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನನ್ನು ತಂದದ್ದು ಗೇರಿನ ಚಿಗುರು ಹೀರುವ ಒಂದು ಸಣ್ಣ ಕೀಟಕ್ಕಾಗಿ. ಅದರ ಫಲವನ್ನು ಅಲ್ಲಿನ ಹಳ್ಳಿಗಳ ಮಕ್ಕಳು ಇಂದಿಗೂ ಉಣ್ಣುತ್ತಿದ್ದಾರೆ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷದ ತಯಾರಿಕೆ, ಮಾರಾಟಗಳನ್ನು ತಡೆಯಿತು. ಬೇರೆ ಹೆಸರಿನ ಶೀಶೆಗಳು ಅಂಗಡಿಯಲ್ಲಿ ಇನ್ನೂ ಇವೆ. ಪೇಟೆಯ ಮಾರಿನ ಲೆಕ್ಕದ ಹೂವು ಯಾವ ಹೊಲದಿಂದ, ಎಷ್ಟು ಸಿಂಪಡಣೆ ಕಂಡು ಬಂದಿದೆಯೆಂದು ಕೇಳುವವರಿಲ್ಲ. ಅದನ್ನೇ ತಂದು ಜಿನಬಿಂಬದ ಪಾದಕ್ಕೆ ಏರಿಸುತ್ತೇವೆ.

ಶ್ರಾವಣದಲ್ಲಿ ಪಾರಿಜಾತ ಆರಂಭವಾಗುತ್ತದೆ. ಈ ಮರದ ಬಗ್ಗೆ ತುಸು ಹೆಚ್ಚು ಬರೆದರೆ ವಾಚಕರು ಮನ್ನಿಸಬೇಕು. ಸಂಜೆ ಅರಳಿ ರಾತ್ರಿಯೆಲ್ಲ ಪರಿಮಳಿಸಿ, ಬೆಳಕು ಮೂಡುವ ಮೊದಲೇ ತಾನಾಗಿ ಉದುರುವ ಹೂವು ಅದು. ಮನುಷ್ಯನ ಕೈ ಬೇಕಿಲ್ಲ. ನನ್ನ ಹೆಂಡತಿ ರಾತ್ರಿ ಮಲಗುವ ಮುನ್ನ ಮರದಡಿಗೆ ಒಗೆದ ಬಿಳಿಯ ಧೋತರ ಹಾಸುತ್ತಾಳೆ. ಬೆಳಿಗ್ಗೆ ಬೆಳಕು ಚೆನ್ನಾಗಿ ಹರಿದ ಮೇಲೆ, ಇರುವೆ ಹುಳುಗಳನ್ನು ನೋಡಿ, ಒಂದೊಂದಾಗಿ ಆಯುತ್ತಾಳೆ. ಲೇಶ್ಯೆಗಳನ್ನು ವಿವರಿಸಲು ನಮ್ಮ ಹಿರಿಯರು ಹೇಳುವ ಆರು ಜನರ ದೃಷ್ಟಾಂತ ಎಲ್ಲರಿಗೂ ಗೊತ್ತು: ಮೊದಲನೆಯವನು ಹಣ್ಣಿಗಾಗಿ ಮರವನ್ನೇ ಬುಡಸಹಿತ ಕೆಡವೋಣವೆನ್ನುತ್ತಾನೆ, ಆರನೆಯವನು ನೆಲಕ್ಕೆ ಬಿದ್ದ ಹಣ್ಣೇ ಸಾಕೆನ್ನುತ್ತಾನೆ. ಆ ಶುಕ್ಲಲೇಶ್ಯೆ ನಮ್ಮಂಥವರಿಗೆ ಎಟುಕುವುದಲ್ಲ. ಆದರೂ ಪಾರಿಜಾತದ ಕೆಳಗೆ ಬಾಗಿದ ಹೊತ್ತಿನಲ್ಲಿ ಮನಸ್ಸು ಅದರ ನೆರಳನ್ನಾದರೂ ಮುಟ್ಟಿ ಬರುತ್ತದೆ. ತೀರ್ಥಂಕರರ ಅಷ್ಟಪ್ರಾತಿಹಾರ್ಯಗಳಲ್ಲಿ ಒಂದು ಪುಷ್ಪವೃಷ್ಟಿ. ಅಲ್ಲಿಯೂ ಹೂವು ತಾನಾಗಿ ಮೇಲಿನಿಂದ ಬೀಳುವುದೇ ಹೊರತು ಯಾರೂ ಕಿತ್ತು ತರುವುದಿಲ್ಲ.

ಅವ್ವ ಇದನ್ನೂ ಪೂರ್ತಿ ಒಪ್ಪಲಿಲ್ಲ. ಬಿದ್ದ ಹೂವಿನಲ್ಲಿಯೂ ಬಾಡುವ ತನಕ ಜೀವವಿರುತ್ತದೆಂಬುದು ಅವಳ ಮತ. ಆಗ ಹೆಂಡತಿ ಒಂದು ಉಪಾಯ ಮಾಡಿದಳು. ಪೂಜೆಗೆ ಹೋಗಿ ಉಳಿದ ಪಾರಿಜಾತಗಳ ಕೇಸರಿ ಬಣ್ಣದ ತೊಟ್ಟುಗಳನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿದಳು. ಗಾಳಿಸಿದ ಬಿಸಿನೀರಿನಲ್ಲಿ ಅವನ್ನು ನೆನೆಹಾಕಿದರೆ ಹೊನ್ನಿನಂಥ ಬಣ್ಣ ಬಿಡುತ್ತದೆ. ಹಿಂದೆ ರೇಷ್ಮೆಗೂ ಈ ಬಣ್ಣ ಹಾಕುತ್ತಿದ್ದರು. ಕಾಶ್ಮೀರದ ಕೇಸರಿಗೆ ಬಣ್ಣ ಕೊಡುವ ದ್ರವ್ಯದ ಜಾತಿಯದೇ ಈ ತೊಟ್ಟಿನಲ್ಲಿಯೂ ಇದೆಯೆಂದು ರಸಾಯನಶಾಸ್ತ್ರ ಬಲ್ಲವರು ಹೇಳುತ್ತಾರೆ. ಆ ನೀರಿನಲ್ಲಿ ಅಕ್ಕಿಯನ್ನು ಹೊರಳಿಸಿ ಒಣಗಿಸಿ, ಒಂದು ಬಟ್ಟಲು ತುಂಬಿ ಅತ್ತೆಯ ಮುಂದಿಟ್ಟಳು. ದಶಲಕ್ಷಣ ಪರ್ವದ ಮೊದಲ ದಿನ ಅವ್ವ ಆ ಅಕ್ಕಿಯನ್ನು ಪುಷ್ಪವೆಂದು ಏರಿಸಿದಳು, ಪಕ್ಕದಲ್ಲಿ ನಿಂತು ಸೊಸೆ ಹೂವನ್ನೇ ಏರಿಸಿದಳು. ಪಂಥಭೇದದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಆ ದಿನದಷ್ಟನ್ನು ನನಗೆ ತಿಳಿಸಲಿಲ್ಲ. ಅವ್ವ ಇದ್ದಷ್ಟು ವರ್ಷವೂ, ಆರು ಪರ್ಯೂಷಣಗಳು, ಆ ಬಟ್ಟಲು ತಪ್ಪಲಿಲ್ಲ.

ಶರದೃತುವಿನ ಗಲಾಟೆ ಹೂವು, ಚೆಂಡುಹೂವು, ಹೇಮಂತದ ಸೇವಂತಿಗೆ ಗುಲಾಬಿಗಳ ಬಗ್ಗೆ ಬರೆಯಹೊರಟರೆ ಪುಟಗಳು ಸಾಲವು. ಆ ದಿನಗಳಲ್ಲಿ ಬಿಸಿಲು ಹಿತವಾಗಿ, ಸೂರಕ್ಕಿಗಳು ದಾಸವಾಳಕ್ಕೆ ತಲೆಕೆಳಗಾಗಿ ಜೋತುಬೀಳುತ್ತವೆ, ಜೇನು ದಿನವಿಡೀ ಮೊರೆಯುತ್ತದೆ. ನಮ್ಮ ಮುನಿಗಳ ಆಹಾರಚರ್ಯೆಗೆ ಭ್ರಾಮರೀವೃತ್ತಿ ಎಂಬ ಹೆಸರಿದೆ. ದುಂಬಿ ಹೂವಿಗೆ ನೋವಾಗದಂತೆ ಉಂಡು ಹೋಗುವ ಹಾಗೆ, ದಾತೃವಿಗೆ ಭಾರವಾಗದಂತೆ. ಅದನ್ನು ಪ್ರವಚನದಲ್ಲಿ ಎಷ್ಟೋ ಸಲ ಕೇಳಿದ್ದೆ. ಒಂದು ಜೇನುಹುಳು ನಂದಿಬಟ್ಟಲಿನ ಮೇಲೆ ಕುಳಿತು ಎದ್ದಾಗ ಹೂವು ಎಷ್ಟು ಕಡಿಮೆ ಅಲುಗುತ್ತದೆಂದು ನೋಡಿದ ಮೇಲೆ ಆ ಶಬ್ದಕ್ಕೆ ತೂಕ ಬಂತು.

ಹೂದೋಟದ ಸುಖವನ್ನು ಭೋಗವೆಂದು ತಳ್ಳಿಬಿಡುವವರೂ ಇದ್ದಾರೆ. ನಮ್ಮ ಪೂರ್ವಿಕರು ಹಾಗೆ ತಳ್ಳಿದಂತೆ ಕಾಣದು. ಬೆಳಗಾವಿಯ ಕೋಟೆಯೊಳಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ೧೨೦೪ರಲ್ಲಿ ಕಟ್ಟಿಸಿದ ಬಸದಿಗೆ ಜನ ಇಟ್ಟ ಹೆಸರೇ ಕಮಲ ಬಸದಿ. ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಕನ್ನಡನಾಡಿನ ಬಸದಿಗಳಿಗೆ ಬಿಟ್ಟ ದತ್ತಿಗಳ ಶಾಸನಗಳಲ್ಲಿ ಗದ್ದೆ, ಗಾಣ, ಮನೆಗಳ ಜೊತೆಗೆ ಹೂದೋಟವೂ ಬರುತ್ತದೆ. ದೇವರ ಹೂವು ದೇವರ ತೋಟದಲ್ಲೇ ಬೆಳೆಯಬೇಕೆಂಬುದು ಅದರ ಭಾವ.

ಈ ಮಾತನ್ನು ಬಸದಿಗಳ ಟ್ರಸ್ಟಿನವರು ಗಮನಿಸಬೇಕೆಂದು ಪ್ರಾರ್ಥನೆ. ನಮ್ಮ ಸುತ್ತಿನ ಒಂದು ಊರಿನಲ್ಲಿ ಬಸದಿಯ ಅಂಗಳಕ್ಕೆಲ್ಲ ಫರಸಿ ಹಾಕಿಸಿದರು. ಕಸ ಬೀಳುತ್ತದೆಂದು ಹಳೆಯ ಪಾರಿಜಾತವನ್ನು ಕಡಿದರು. ಈಗ ಅಲ್ಲಿಗೆ ಪ್ಲಾಸ್ಟಿಕ್ ಚೀಲದಲ್ಲಿ ಪೇಟೆಯಿಂದ ಹೂವು ಬರುತ್ತದೆ, ಚೀಲ ಬಸದಿಯ ಹಿಂದೆ ಬಿದ್ದಿರುತ್ತದೆ. ಕಸವೆಂದರೆ ಯಾವುದೆಂದು ನಾನು ಅಲ್ಲಿನ ಹಿರಿಯರನ್ನು ವಿನಯದಿಂದಲೇ ಕೇಳಿದೆ. ಅವರು ನಕ್ಕರು, ಉತ್ತರಿಸಲಿಲ್ಲ. ಅಂಗಳದಲ್ಲಿ ನಾಲ್ಕು ಬುಡಕ್ಕೆ ಜಾಗ ಬಿಟ್ಟು, ಅಭಿಷೇಕದ ಪಾತ್ರೆ ತೊಳೆದ ನೀರು ಅಲ್ಲಿಗೇ ಹರಿಯುವಂತೆ ಮಾಡಿದರೆ ವರ್ಷದ ಎಂಟು ತಿಂಗಳ ಹೂವು ಅಲ್ಲಿಯೇ ದೊರೆಯುತ್ತದೆ. ಉಳಿದ ನಾಲ್ಕು ತಿಂಗಳು ಅಕ್ಕಿಯಿಂದ ನಡೆದರೆ ಯಾರೂ ದೋಷವೆನ್ನಲಾರರು.

೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಹೊಳೆಯ ಕಡೆಯ ಮನೆಗಳಿಗೆಲ್ಲ ನೀರು ಹೊಕ್ಕಿತು. ನಮ್ಮ ಹಿತ್ತಲು ಎತ್ತರದಲ್ಲಿದ್ದುದರಿಂದ ಉಳಿಯಿತು; ನನ್ನ ಹೆಂಡತಿಯ ತಂಗಿಯ ಮನೆಯ ಹೂಗಿಡಗಳೆಲ್ಲ ಕೆಸರಿನಡಿ ಹೋದವು. ಮರುವರ್ಷ ಆಕೆ ಕೇಳಿದ್ದು ಮಲ್ಲಿಗೆಯನ್ನಲ್ಲ, ಪಾರಿಜಾತದ ಸಸಿಯನ್ನು. ಅಂದಿನಿಂದ ಕಾಯಿ ಒಣಗಿದೊಡನೆ ಬೀಜ ಆಯ್ದು, ಚೀಲಗಳಲ್ಲಿ ಸಸಿ ಮಾಡುವುದು ನಮ್ಮ ಮನೆಯ ಕೆಲಸವಾಗಿದೆ. ಪ್ರತಿ ಕಾಯಿಯಲ್ಲಿ ಎರಡೇ ಬೀಜ, ಮೊಳೆಯುವುದು ನಿಧಾನ, ಎಲ್ಲವೂ ಮೊಳೆಯುವುದಿಲ್ಲ. ಹೋದ ವರ್ಷ ಹನ್ನೊಂದು ಸಸಿಗಳಾದವು. ಎಂಟು ಮನೆಗಳಿಗೆ ಹೋದವು, ಎರಡನ್ನು ನಮ್ಮ ಉಪಾಧ್ಯೆಯವರು ಒಯ್ದರು. ಹನ್ನೊಂದನೆಯದನ್ನು ಬೇಡಿ ಬಂದವರು ಆ ಫರಸಿಯ ಊರಿನ ಇಬ್ಬರು ಹುಡುಗರು. ಹಿರಿಯರನ್ನು ಒಪ್ಪಿಸಿ, ಈಶಾನ್ಯದ ಮೂಲೆಯಲ್ಲಿ ಎರಡು ಫರಸಿ ಎಬ್ಬಿಸಿ ನೆಟ್ಟಿದ್ದಾರೆ. ಆಷಾಢದ ಮಳೆ ಚೆನ್ನಾಗಿ ಹಿಡಿದುದರಿಂದ ಬೇರೂರಿದೆಯಂತೆ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಒಂದು ಕೊಡ ನೀರು ಹಾಕುವವರು ಯಾರೆಂಬುದು ಮಾತ್ರ ಅಲ್ಲಿ ಇನ್ನೂ ತೀರ್ಮಾನವಾಗಿಲ್ಲ.